ಹೊಂಗೆ ನೆರಳಿಗೆ ಎತ್ತಿಟ್ಟ ಬೈಕು

ಅಣ್ಣನ ಬೈಕು ಬಿದ್ದದ್ದು ರಸ್ತೆಯ ಎಡಗಡೆಗೆ. ಅದನ್ನು ನಾನು ಪೊಲೀಸರಿಗೆ ಹೇಳಲಿಲ್ಲ. ಹಿಂದಿನ ಸೀಟಿನಲ್ಲಿ ಕೂತಿದ್ದವಳು ನಾನೇ, ಆದರೂ ಹೇಳಲಿಲ್ಲ.

ಬೆಳಗಿನ ಪಾಳಿಗೆ ನನ್ನನ್ನು ಪಿಲ್ಲಗುಂಪೆಯ ಫ್ಯಾಕ್ಟರಿಗೆ ಬಿಡಲು ಹೊರಟಿದ್ದ. ಅವನು ಅಲ್ಲೇ ಇನ್ನೊಂದು ಫ್ಯಾಕ್ಟರಿಯ ವ್ಯಾನು ಓಡಿಸುತ್ತಿದ್ದ. ತಿರುವಿನಲ್ಲಿ ಎದುರಿಗೆ ಬಂದ ಕಾರು, ಲಾರಿಯನ್ನು ಹಿಂದೆ ಹಾಕಲು ಹೋಗಿ ನಮ್ಮ ಕಡೆಗೇ ನುಗ್ಗಿತು. ನಾನು ರಾಗಿ ಹೊಲಕ್ಕೆ ಬಿದ್ದೆ. ತಲೆಯೆತ್ತಿದರೆ ಅಣ್ಣ ಅಲುಗುತ್ತಿರಲಿಲ್ಲ.

ಓಡಿಬಂದ ಊರಿನವರು ಅವನನ್ನು ಆಟೋದಲ್ಲಿ ಮಲಗಿಸಿ ಕಳಿಸಿದರು. ನನಗೆ ಅದರಲ್ಲಿ ಜಾಗವಿರಲಿಲ್ಲ. ಬೈಕಿನಿಂದ ಪೆಟ್ರೋಲು ತೊಟ್ಟಿಕ್ಕುತ್ತಿತ್ತು.

"ಬಿಸಿಲಿಗೆ ಹತ್ಕೊಂಡ್ರೆ ಏನ್ರಲಾ ಗತಿ? ಎತ್ರಲಾ ಆ ಕಡೀಕೆ!" ಎಂದು ಊರಿನವರ ಜೊತೆ ಓಡಿಬಂದಿದ್ದ ನಮ್ಮ ದೊಡ್ಡಪ್ಪ ಕೂಗಿದರು.

ನಾನೂ ಕೈ ಹಾಕಿದೆ. ರಸ್ತೆ ದಾಟಿಸಿ ಬಲಗಡೆಯ ಹೊಂಗೆ ಮರದ ನೆರಳಿಗೆ ಇಟ್ಟೆವು. ರಕ್ತವನ್ನು ಯಾರೂ ತುಳಿಯಬಾರದೆಂದು ಒಬ್ಬರು ಬಿಂದಿಗೆ ನೀರು ಹೊಯ್ದರು. ಗಾಜಿನ ಚೂರುಗಳೂ ಕೊಚ್ಚಿಹೋದವು. ಕಾರಿನವನು ಅಷ್ಟರಲ್ಲಿ ಕಾರನ್ನು ತನ್ನ ಕಡೆಗೆ ತಂದು ನಿಲ್ಲಿಸಿಕೊಂಡಿದ್ದ. ನಮ್ಮನ್ನೇ ನೋಡುತ್ತಿದ್ದ. ಒಂದು ಮಾತೂ ಆಡಲಿಲ್ಲ.

ಪೊಲೀಸರು ಬಂದಾಗ ಆಡಿದ. "ರಾಂಗ್ ಸೈಡಲ್ಲಿ ಬಂದ ಸಾರ್. ನೋಡಿ, ಗಾಡಿ ಇಲ್ಲೇ ಇದೆ."

ಬೈಕಿನ ಸುತ್ತ ಸುಣ್ಣದ ಗೆರೆ ಬಿತ್ತು. "ಏನಮ್ಮಾ, ಇಲ್ಲೇ ಬಿತ್ತಾ?"

ದೊಡ್ಡಪ್ಪ ನನ್ನ ಕಿವಿಯ ಹತ್ತಿರ ಉಸುರಿದರು: "ಎತ್ತಿಟ್ವಿ ಅಂದ್ಗಿಂದೀಯಾ! ಮುಟ್ಟಿದೋರ್ನೆಲ್ಲಾ ಸ್ಟೇಷನ್ನಿಗೆ ಎಳ್ಕೊಂಡೋಗ್ತಾರೆ."

"ಹೂಂ ಸಾರ್" ಎಂದೆ.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಆ ಗೆರೆಯ ಅರ್ಥ ಅವತ್ತು ತಿಳಿಯಲಿಲ್ಲ. ಕೇಸು ಅಣ್ಣನ ಮೇಲೇ ಬಿತ್ತು. ಲೈಸೆನ್ಸು ಹೋದರೆ ವ್ಯಾನೂ ಹೋದಂತೆಯೇ. ಅದೆಲ್ಲ ತಿಳಿದ ಮೇಲೂ ಸುಮ್ಮನಿದ್ದೆ. ಎತ್ತಿಟ್ಟವರೆಲ್ಲ ಬಾಯಿ ಹೊಲಿದುಕೊಂಡಿದ್ದರು.

ಅಣ್ಣನಿಗೆ ಆ ಗಳಿಗೆಯ ನೆನಪೇ ಉಳಿದಿರಲಿಲ್ಲ. ಕಾಲಿಗೆ ರಾಡು ಹಾಕಿಸಿಕೊಂಡು ಜಗಲಿಯಲ್ಲಿ ಕೂತು ಬಂದವರನ್ನೆಲ್ಲ ಕೇಳುತ್ತಿದ್ದ: "ನಾನ್ಯಾಕೆ ಬಲಕ್ಕೋದೆ?" ಆ ಪ್ರಶ್ನೆ ಕೇಳಿಸಿದರೆ ಸಾಕು, ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯಲು ಏಳುತ್ತಿದ್ದೆ. ಬರಬರುತ್ತಾ ಅವನು ಕೇಳುವುದನ್ನೂ ಬಿಟ್ಟ. ನನಗೆ ಇನ್ನೂ ಭಯವಾಯಿತು.

ಕೋರ್ಟಿಗೆ ಹೋಗುವ ಹಿಂದಿನ ದಿನ ಊಟಕ್ಕೆ ಕೂತವನು ತಟ್ಟೆ ಮುಟ್ಟಲಿಲ್ಲ.

"ನಿದ್ದೆಗಣ್ಣಲ್ಲಿದ್ನೇನೋ ಪುಟ್ಟೀ. ನಿನ್ನೇ ಸಾಯಿಸ್ಬಿಡ್ತಿದ್ದೆ. ನಾಳೆ ತಪ್ಪು ನಂದೇ ಅಂತ ಒಪ್ಕೊಂಡ್ಬಿಡ್ತೀನಿ. ನೀನೂ ನನ್ನ ಕ್ಷಮಿಸ್ಬಿಡವ್ವ."

ಮುದ್ದೆ ಬಡಿಸುತ್ತಿದ್ದವಳು ಪಾತ್ರೆ ಕೆಳಗಿಟ್ಟು ಅವನೆದುರಿಗೇ ಕೂತೆ.

"ಒಪ್ಕೋಬೇಡ ಕಣಣ್ಣಾ. ನೀನು ಎಡಗಡೇನೇ ಇದ್ದೆ. ಗಾಡೀನ ಮರದಡಿ ಇಟ್ಟಿದ್ದು ನಾವು. ಪೊಲೀಸ್ರು ಕೇಳ್ದಾಗ ನಾನು ಸುಳ್ಳು ಹೇಳ್ಬಿಟ್ಟೆ. ನಾಳೆ ನಾನೂ ಬರ್ತೀನಿ, ಜಡ್ಜ್ ಮುಂದೆ ಹೇಳ್ತೀನಿ. ತಪ್ಪಾಯ್ತಣ್ಣಾ... ನೀನು ಕ್ಷಮಿಸು ನನ್ನ."