ಮುರಾನೋದ ಎರಡನೆಯ ಬಳೆ

ಮುರಾನೋ ದ್ವೀಪದ ಅಂಗಡಿಯಲ್ಲಿ ಎರಡನೆಯ ಬಳೆ ಬೇಕೆಂದು ಕೇಳಿದವರು ಯಾರು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ. ಅಮ್ಮ ಕೇಳಿದಳು ಎಂದು ನಾನು ಹೇಳುತ್ತೇನೆ. ನೀವೇ ಕೇಳಿದ್ದು ಎಂದು ಹೆಂಡತಿ ಹೇಳುತ್ತಾಳೆ. ಹೊರಗಿನವರಿಗೆ ಇದು ದೊಡ್ಡ ವಿಷಯವೆಂದು ಅನ್ನಿಸಲಿಕ್ಕಿಲ್ಲ. ಆದರೆ ಅಮ್ಮನಿಗೆ ಆ ಬಳೆಗಳು ನಿಜವಾಗಿ ಬೇಕಿದ್ದವೋ, ಅಥವಾ ನನ್ನ ವಾದ ಗೆಲ್ಲಿಸಲು ನಾನೇ ಅವಳ ಕೈಗೆ ತೊಡಿಸಿದೆನೋ ಎಂಬುದು ನನಗೆ ತಿಳಿಯಬೇಕಿತ್ತು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಗಾಜಿನ ಬಳೆ ತೊಟ್ಟಿರಲಿಲ್ಲ. ಉಡುಪಿಯ ಮನೆಯಲ್ಲಿ ಉತ್ತರಕ್ರಿಯೆಗೆ ಸೇರಿದ್ದ ಹಿರಿಯರ ಎದುರು, ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವನ ಎಲ್ಲ ಗತ್ತಿನೊಂದಿಗೆ, ಗಾಜಿಗೂ ಗಂಡನಿಗೂ ಏನು ಸಂಬಂಧ ಎಂದು ನಾನು ವಾದಕ್ಕೆ ನಿಂತಿದ್ದೆ. ವಾದ ಇನ್ನೂ ನಡೆಯುತ್ತಿರುವಾಗಲೇ ಅಮ್ಮ ಒಳಗೆ ಹೋಗಿ ಬಳೆಗಳನ್ನು ತೆಗೆದಿಟ್ಟು ಬಂದು, ಎಲ್ಲರಿಗೂ ಕಾಫಿ ಆಗಬೇಕಲ್ಲ ಎಂದಳು. 

ಮರುವರ್ಷ ಅವಳನ್ನು ಅಬುಧಾಬಿಗೆ ಕರೆತಂದೆವು. ನನ್ನ ಕೆಲಸ ನಗರದಿಂದ ದೂರದ ರುವೈಸ್‌ನ ಒಂದು ತೈಲ ಪ್ರಯೋಗಾಲಯದಲ್ಲಿ. ವಾರವಿಡೀ ಕಂಪನಿಯ ಮನೆಯಲ್ಲಿದ್ದು ವಾರಾಂತ್ಯಕ್ಕೆ ನಗರದ ಟೂರಿಸ್ಟ್ ಕ್ಲಬ್ ಏರಿಯಾದ ಫ್ಲ್ಯಾಟಿಗೆ ಬರುತ್ತೇನೆ. ಬಂದವನು ಸುಮ್ಮನೆ ಕೂರುವುದಿಲ್ಲ ಎಂಬುದು ಹೆಂಡತಿಯ ದೂರು. ರಜೆ ಸಿಕ್ಕಿತು, ಇಟಲಿಯ ವೀಸಾವೂ ಸಿಕ್ಕಿತು. ಊರಿನ ದೇವಸ್ಥಾನಗಳನ್ನು ಬಿಟ್ಟರೆ ಎಲ್ಲಿಗೂ ಹೋಗದ ಅಮ್ಮನನ್ನೂ ಹೊರಡಿಸಿದೆ.

ವೆನಿಸ್‌ನಿಂದ ಮುರಾನೋಗೆ ಬಸ್ಸಿನ ಹಾಗೆ ನಿಲ್ದಾಣದಿಂದ ನಿಲ್ದಾಣಕ್ಕೆ ಓಡುವ ದೋಣಿಯಲ್ಲಿ ಹೋದೆವು. ಅಲ್ಲಿನವರು ತಲೆಮಾರುಗಳಿಂದ ಗಾಜಿನ ಕೆಲಸ ಮಾಡುವವರು. ಒಂದು ಕಾರ್ಖಾನೆಯಲ್ಲಿ ನಮ್ಮನ್ನು ಮರದ ಬೆಂಚುಗಳ ಮೇಲೆ ಕೂರಿಸಿದರು. ಎದುರಿಗೆ ಕುಲುಮೆ. ದಪ್ಪ ಮೀಸೆಯ ಕಸುಬುದಾರನೊಬ್ಬ ಉದ್ದನೆಯ ಕಬ್ಬಿಣದ ಕೊಳವೆಯನ್ನು ಒಳಗೆ ತೂರಿಸಿ ಕೆಂಪಗಿನ ಮುದ್ದೆಯೊಂದನ್ನು ಸುತ್ತಿಕೊಂಡು ಬಂದ. ಅದು ಜೋತು ಬೀಳದಂತೆ ಕೊಳವೆಯನ್ನು ತಿರುಗಿಸುತ್ತಲೇ ಇದ್ದ.

"ಬೆಲ್ಲದ ಪಾಕದ ಹಾಗೇ ಉಂಟು," ಎಂದಳು ಅಮ್ಮ.

"ಅದು ಮರಳು ಅಮ್ಮ," ಎಂದೆ. "ಮರಳಿಗೆ ಸೋಡಾ, ಸುಣ್ಣ ಸೇರಿಸಿ ಕರಗಿಸುವುದು."

"ಮರಳಾ? ನಿಮ್ಮ ಅಬುಧಾಬಿಯಲ್ಲಿ ಇರುವುದೇ ಅದಲ್ವಾ! ಅದನ್ನು ನೋಡ್ಲಿಕ್ಕೆ ಇಷ್ಟು ದೂರ ಬರಬೇಕಿತ್ತಾ ಮಾರಾಯಾ?"

ಹೆಂಡತಿ ನಕ್ಕಳು. ಅಷ್ಟರಲ್ಲಿ ಆತ ಇಕ್ಕುಳದಿಂದ ಅಲ್ಲಿ ಇಲ್ಲಿ ಎಳೆದು, ಚಿವುಟಿ, ಮುದ್ದೆಯನ್ನು ಕುದುರೆಯಾಗಿಸಿದ. ಕುದುರೆ ಎಂಬುದು ನನ್ನ ನೆನಪು. ಹೆಂಡತಿಗೆ ಅದು ಮೀನು. ನನ್ನ ಫೋನಿನ ಫೋಟೊದಲ್ಲಿ ಬೆಂಕಿಯ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ.

ಪ್ರದರ್ಶನ ಮುಗಿದ ಮೇಲೆ ಹೊರಹೋಗುವ ದಾರಿ ಅಂಗಡಿಯ ಒಳಗಿನಿಂದಲೇ ಇತ್ತು. ಸೆರಗು ತಗಲಿ ಏನಾದರೂ ಒಡೆದೀತೆಂದು ಅಮ್ಮ ಅದನ್ನು ಬಿಗಿಯಾಗಿ ಸುತ್ತಿಕೊಂಡು, ದೇವರ ಕೋಣೆಯಲ್ಲಿ ನಡೆಯುವವಳಂತೆ ನಡೆದಳು. ಒಂದು ಕಪಾಟಿನ ಮುಂದೆ ನಿಂತಳು. ಅಲ್ಲಿ ಬಳೆಗಳಿದ್ದವು. ಅಂಗಡಿಯ ಹುಡುಗಿಗೆ ನಮ್ಮ ಕಡೆಯ ವಿಷಯ ಏನು ಗೊತ್ತು? ಅವಳು ಎಳೆ ಬಾಳೆಲೆಯ ಬಣ್ಣದ ದಪ್ಪ ಬಳೆಯೊಂದನ್ನು ತೆಗೆದು, ನಗುತ್ತಾ ಅಮ್ಮನ ಬಲಗೈ ಹಿಡಿದು, ತೊಡಿಸಿಯೇಬಿಟ್ಟಳು.

ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಅಮ್ಮ ಕೈ ಹಿಂದೆಗೆಯಲಿಲ್ಲ. ದೀಪಕ್ಕೆ ಹಿಡಿದು ನೋಡಿದಳು. ಇಲ್ಲಿಯವರೆಗೆ ನಮ್ಮಿಬ್ಬರ ನೆನಪೂ ಒಂದೇ. ಮುಂದೆ ಅಮ್ಮ, "ಒಂದೇ ಕೈಗೆ ಹಾಕಿದರೆ ಹೇಗೆ? ಇನ್ನೊಂದು ಕೈ ಬೋಳು ಇರುವುದಾ?" ಎಂದದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ನಮ್ಮವರಲ್ಲಿ ಯಾರೂ ಒಂದು ಕೈಗೆ ಮಾತ್ರ ಗಾಜಿನ ಬಳೆ ತೊಡುವುದಿಲ್ಲ. ಅಲ್ಲಿಯಾದರೋ ಮಾರುವುದೇ ಒಂದೊಂದಾಗಿ. ಕೈಯಿಂದ ಮಾಡಿದ್ದು, ಇದರ ಜೋಡಿ ಇಲ್ಲ ಎಂದು ಹುಡುಗಿ ತಿಳಿಸಿದಳು. ಕೊನೆಗೆ ಎಡಗೈಗೆ ನೀಲಿಯದು ಬಂತು.

ಆಮೇಲೆ ಅಮ್ಮ, ಬಳೆ ತೊಡಿಸಿದವರಿಗೆ ನಮ್ಮಲ್ಲಿ ಹೆಂಗಸರು ಮಾಡುವಂತೆ, ಎರಡೂ ಬಳೆಗಳನ್ನು ಕಣ್ಣಿಗೊತ್ತಿಕೊಂಡು ಆ ಹುಡುಗಿಗೆ ಕೈಮುಗಿದು ಬಾಗಿದಳು. ಹುಡುಗಿ ಗಾಬರಿಯಾದಳು. ತಾನೂ ಕೈಮುಗಿದಳು. ಅದು ಸಾಲದೆಂದು ಅನ್ನಿಸಿತೋ ಏನೋ, ಮೇಜು ಸುತ್ತಿ ಬಂದು ಅಮ್ಮನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು.

ವಾಪಸು ಬರುವ ದೋಣಿಯಲ್ಲಿ ಅಮ್ಮ ಕೆನ್ನೆ ಮುಟ್ಟಿಕೊಂಡು ಸೊಸೆಯನ್ನು ಕೇಳಿದಳು: "ಇಲ್ಲಿ ಬಳೆ ಹಾಕಿದವರು ಹೀಗೂ ಮಾಡ್ತಾರಾ?"

"ಎಲ್ಲರಿಗೂ ಇಲ್ಲ ಅತ್ತೆ, ಚಂದ ಕಂಡವರಿಗೆ ಮಾತ್ರ."

"ಸುಮ್ಮನಿರು ಮಾರಾಯ್ತಿ."

ತಗಾದೆ ಶುರುವಾದದ್ದು ಅಬುಧಾಬಿಗೆ ಬಂದ ಮೇಲೆ. ಗೆಳೆಯರೊಬ್ಬರ ಮನೆಯ ಊಟದಲ್ಲಿ ನಾನು ಈ ಕಥೆ ಹೇಳಿದೆ. ಕಾರಿನಲ್ಲಿ ಬರುವಾಗ ಹೆಂಡತಿ, "ಅತ್ತೆ ಅಲ್ಲಿ ಬಾಯೇ ಬಿಡಲಿಲ್ಲ. ಇನ್ನೊಂದು ಕೈಗೂ ಕೊಡಿ ಅಂತ ಕೇಳಿದ್ದು ನೀವು. ಅವರು ನೆಲ ನೋಡ್ತಾ ಇದ್ರು," ಎಂದಳು.

ನೆನಪು ಪ್ರತಿ ಸಲ ಹೇಳುವಾಗಲೂ ಸ್ವಲ್ಪ ಬದಲಾಗುತ್ತದೆ ಎಂದು ಓದಿದವನು ನಾನು. ಪ್ರಯೋಗಾಲಯದಲ್ಲಿ ಅನುಮಾನ ಬಂದರೆ ಅದೇ ಎಣ್ಣೆಯನ್ನು ಇನ್ನೊಮ್ಮೆ ಪರೀಕ್ಷೆಗೆ ಇಡಬಹುದು. ಅಂಗಡಿಯ ಆ ಗಳಿಗೆಯನ್ನು ಎಲ್ಲಿಂದ ತರುವುದು? ಅಮ್ಮನ ಆ ಮಾತನ್ನು ನಾನು ಊಟದ ಹೊತ್ತಿಗೆ ಕಥೆ ಚೆನ್ನಾಗಿರಲೆಂದು ಹೆಣೆದೆನೇ? ಅಮ್ಮನನ್ನೇ ಕೇಳಿದೆ.

"ಯಾರು ಕೇಳಿದರೆ ಎಂತ? ಕಾರ್ಡ್ ಉಜ್ಜಿದ್ದು ನೀನೇ ಅಲ್ವಾ," ಎಂದು ತೆಂಗಿನಕಾಯಿ ತುರಿಯುತ್ತಲೇ ಹೇಳಿದಳು. ಒಂದು ಕೈಯ ಬಳೆ ಇನ್ನೊಂದು ಕೈಯದಕ್ಕೆ ತಾಗಿ ಸದ್ದಾಗುತ್ತಿತ್ತು. ಅವಳು ಇಲ್ಲಿದ್ದ ಅಷ್ಟು ತಿಂಗಳೂ ಅವು ಅವಳ ಕೈಯಲ್ಲೇ ಇದ್ದವು. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ತರಕಾರಿ ಆರಿಸುವಾಗಲೂ, ಲಿಫ್ಟಿನಲ್ಲಿ ಮೇಲಿನ ಮನೆಯ ಮಲಯಾಳಿ ಹೆಂಗಸು ಕೈಹಿಡಿದು ನೋಡಿದಾಗಲೂ. ಇಲ್ಲಿ ಅವಳು ಯಾರ ಹೆಂಡತಿಯಾಗಿದ್ದಳೆಂದು ಬಲ್ಲವರು ಯಾರೂ ಇರಲಿಲ್ಲ.

ಊರಿಗೆ ಹೊರಡುವ ದಿನ ಬೆಳಿಗ್ಗೆ ಅವಳು ಅಡುಗೆಮನೆಗೆ ಬಂದು ನನ್ನ ಮುಂದೆ ಕೈ ಚಾಚಿದಳು. "ತೆಗೆ ಮಗಾ. ಅಲ್ಲಿ ಇಳಿದ ಕೂಡಲೇ ಎಲ್ಲರೂ ನೋಡ್ತಾರೆ. ನಿನ್ನ ದೊಡ್ಡಮ್ಮ ಬಾಗಿಲಲ್ಲೇ ಕೂತಿರ್ತಾಳೆ."

ಬೇಡ ಎಂದು ವಾದಿಸಬೇಕೆನಿಸಿತು. ಆದರೆ ಇಷ್ಟು ದಿನ ಅವಳು ತೊಟ್ಟದ್ದು ನನಗಾಗಿಯೇ ಆಗಿದ್ದರೆ? ಹೆಂಡತಿ ಪಾತ್ರೆ ತೊಳೆಯುವ ಸೋಪು ಕೊಟ್ಟಳು. ಅಮ್ಮನ ಕೈಗೆ ನೊರೆ ಹಚ್ಚಿ, ಹಸಿರು ಬಳೆಯನ್ನು ಮೆಲ್ಲಗೆ ಎಳೆದೆ. ಗೆಣ್ಣಿನ ತನಕ ಬಂತು. ಅಲ್ಲಿ ನಿಂತಿತು. ಇನ್ನೊಮ್ಮೆ ಎಳೆದೆ. ಮತ್ತೆ ಅಲ್ಲೇ.

ಬಳೆ ಜಾರಬೇಕಾದರೆ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಕೈಯನ್ನು ಸಡಿಲ ಬಿಡಬೇಕು. ಬಳೆ ತೊಟ್ಟೇ ಬೆಳೆದ ಯಾವ ಹೆಂಗಸಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಅಮ್ಮನ ಬೆರಳುಗಳು ಅಗಲವಾಗಿ ತೆರೆದುಕೊಂಡಿದ್ದವು. ಹೆಬ್ಬೆರಳು ಸೆಟೆದು ನಿಂತಿತ್ತು. ನಾನು ತಲೆಯೆತ್ತಿದೆ. ಅವಳು ಕಿಟಕಿಯ ಆಚೆ, ಎದುರಿನ ಕಟ್ಟಡದ ಬಾಲ್ಕನಿಯಲ್ಲಿ ಯಾರೋ ಒಣಹಾಕಿದ್ದ ಬಟ್ಟೆಗಳನ್ನು ನೋಡುತ್ತಿದ್ದಳು.

"ಬರುವುದಿಲ್ಲ ಅಮ್ಮ," ಎಂದೆ.

"ಬರುವುದಿಲ್ವಾ?"

"ಇಲ್ಲ. ಜಾಸ್ತಿ ಎಳೆದರೆ ಒಡೆದು ಕೈಗೆ ಗಾಯ ಆದೀತು."

"ಹಾಗಾದರೆ ಖಲಾಸ್, ಬಿಡು. ಒಂದು ಬಾರದಿದ್ದರೆ ಇನ್ನೊಂದನ್ನು ತೆಗೆದು ಎಂತ ಮಾಡುವುದು?" ನೊರೆ ತೊಳೆದುಕೊಂಡು ಕೈ ಒರೆಸಿಕೊಂಡಳು.

ಹೆಂಡತಿ ಒಳಗಿನಿಂದ ಉದ್ದ ತೋಳಿನ ಸ್ವೆಟರ್ ತಂದಳು. "ಇದನ್ನು ಹಾಕ್ಕೊಳ್ಳಿ ಅತ್ತೆ. ವಿಮಾನದಲ್ಲಿ ಚಳಿ. ಇಳಿದ ಮೇಲೂ ತೆಗೆಯೋದು ಬೇಡ, ಯಾರಿಗೂ ಕಾಣಲ್ಲ."

ಅಮ್ಮ ಸ್ವೆಟರನ್ನು ತೆಗೆದುಕೊಂಡು, ಮಡಚಿ, ಚೆಕ್-ಇನ್‌ಗೆ ಹೋಗುವ ದೊಡ್ಡ ಪೆಟ್ಟಿಗೆಯ ತಳಕ್ಕೆ ತುರುಕಿದಳು.

"ಊರಿನ ಸೆಕೆಯಲ್ಲಿ ಇದೆಂತಕ್ಕೆ?" ಎಂದು ಹೇಳಿ, ಜಿಪ್ಪು ಎಳೆಯಲು ನನ್ನನ್ನು ಕರೆದಳು.