ಪ್ರೇಕ್ಷಾಳ ಮಾತು ಇದ್ದ ಕಾರ್ಡು

ಬೆಳಂಬಾರದ ಜಯಶ್ರೀಯ ಮಗಳು ಪ್ರೇಕ್ಷಾ ಮಾತಾಡುತ್ತಿದ್ದದ್ದು ಹೆಬ್ಬೆರಳಿನ ಬದಿಯಿಂದ. ಹುಟ್ಟುವಾಗ ಉಸಿರು ಸಿಗದೆ ಮಿದುಳಿಗೆ ಪೆಟ್ಟಾಗಿದ್ದ ಹುಡುಗಿ. ನಾಲಿಗೆ ಹೊರಳುತ್ತಿರಲಿಲ್ಲ, ಬೆರಳುಗಳು ಸದಾ ಬಿಗಿದುಕೊಂಡಿರುತ್ತಿದ್ದವು. ಆದರೆ ಕಿವಿ ಚುರುಕು, ಕಣ್ಣು ಅದಕ್ಕಿಂತ ಚುರುಕು. ಇಂಥ ಮಕ್ಕಳಿಗಾಗಿ ಕೆಲಸ ಮಾಡುವ ಸಂಸ್ಥೆಯೊಂದು ಅವಳಿಗೆ ಒಂದು ಟ್ಯಾಬ್ ಕೊಟ್ಟಿತ್ತು. ಪರದೆಯ ತುಂಬ ಚೌಕಗಳು, ಚೌಕಕ್ಕೊಂದು ಚಿತ್ರ. ಒತ್ತಿದರೆ ಅದರ ಹೆಸರು ಕೇಳಿಸುತ್ತಿತ್ತು.

ಮೊದಲು ಅದರಲ್ಲಿ ಇದ್ದದ್ದು ಯಾರೋ ಹೆಂಗಸಿನ ದನಿ, ಪುಸ್ತಕದ ಕನ್ನಡ. ‘ದಯವಿಟ್ಟು ನನಗೆ ನೀರು ಕೊಡಿ’ ಎಂದು ಅದು ಹೇಳಿದಾಗಲೆಲ್ಲ ಪ್ರೇಕ್ಷಾ ಮುಖ ತಿರುಗಿಸುತ್ತಿದ್ದಳು. ಆಗ ಜಯಶ್ರೀ ತಾನೇ ಕೂತು ಒಂದೊಂದೇ ಮಾತನ್ನು ಮನೆಯಲ್ಲಿ ಆಡುವಂತೆಯೇ ಆಡಿ ರೆಕಾರ್ಡ್ ಮಾಡತೊಡಗಿದಳು. ಅವಳು ಕಾರವಾರದ ಹತ್ತಿರದ ಕದ್ವಾಡದವಳು, ಪಿಯುಸಿವರೆಗೆ ಓದಿದವಳು. ಗಂಡ ಪ್ರಕಾಶ ಶೇಂಗಾ ಬೆಳೆಯುತ್ತಿದ್ದ, ಗದ್ದೆ ಕೆಲಸವಿಲ್ಲದಾಗ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಜಯಶ್ರೀ ಬೆಳಿಗ್ಗೆ ಬಸಳೆ, ಹರಿವೆ ಕಟ್ಟು ಕಟ್ಟಿ ಅಂಕೋಲೆ ಪೇಟೆಗೆ ಒಯ್ದು, ಮಧ್ಯಾಹ್ನ ಬಂದು ಮಗಳಿಗೆ ಗಂಜಿ ಉಣ್ಣಿಸಿ, ಆಮೇಲೆ ಟ್ಯಾಬ್ ಹಿಡಿಯುತ್ತಿದ್ದಳು. ಮಗಳು ಯಾವುದನ್ನು ನೋಡಿ ದನಿ ಮಾಡುತ್ತಾಳೋ ಅದೇ ಅಂದಿನ ಮಾತು. ಇಷಾಡ ಮಾವು, ಒಲೆಯ ಹೊಗೆ, ಅಪ್ಪನ ಹಳೆಯ ಬೈಕು. ಅತ್ತೆ ಮಾದಿಯೂ ಕೆಲವು ಮಾತು ಕೊಟ್ಟಿದ್ದಳು. ಹಾಗೆ ಎರಡು ವರ್ಷದಲ್ಲಿ ಪುಟಗಟ್ಟಲೆ ಚೌಕಗಳು ತುಂಬಿದವು. ಎಲ್ಲವೂ ಟ್ಯಾಬಿನೊಳಗಿನ ಉಗುರಿನಷ್ಟು ಮೆಮೊರಿ ಕಾರ್ಡಿನಲ್ಲಿದ್ದವು.

ಮಳೆಗಾಲದ ಮೊದಲ ಗಾಳಿಗೆ ಕರೆಂಟು ಹೋದ ದಿನ ಜಯಶ್ರೀ ‘ಗುಡುಗು’ ಎಂಬ ಮಾತನ್ನು ಸೇರಿಸುತ್ತಿದ್ದಳು. ಬ್ಯಾಟರಿ ತೀರಿ ಟ್ಯಾಬ್ ನಡುವೆಯೇ ಆರಿಹೋಯಿತು. ಮರುದಿನ ಚಾರ್ಜ್ ಮಾಡಿ ತೆರೆದರೆ ಚೌಕಗಳೆಲ್ಲ ಬೂದಿ ಬಣ್ಣ. ಒಂದರಲ್ಲೂ ಚಿತ್ರವಿಲ್ಲ. ಕಾರ್ಡ್ ಹಾಳಾಗಿದೆ, ಫಾರ್ಮ್ಯಾಟ್ ಮಾಡಬೇಕು ಎಂದು ಕೆಳಗೆ ಬರುತ್ತಿತ್ತು. ಪ್ರೇಕ್ಷಾ ಒತ್ತಿದಳು. ಮತ್ತೆ ಒತ್ತಿದಳು. ತಾಯಿಯ ಮುಖ ನೋಡಿದಳು. ಆಮೇಲೆ ಟ್ಯಾಬನ್ನು ಮೊಣಕೈಯಿಂದ ನೂಕಿ, ಅದು ಬರುವ ಮುಂಚಿನ ವರ್ಷಗಳಲ್ಲಿ ಅಳುತ್ತಿದ್ದಳಲ್ಲ, ಹಾಗೆ ಅಳತೊಡಗಿದಳು. ನೀರು ಕೊಟ್ಟರೆ ಬೇಡ, ಮಗ್ಗುಲು ಬದಲಿಸಿದರೂ ಬೇಡ. ಏನು ಬೇಕೆಂದು ಜಯಶ್ರೀ ಮತ್ತೆ ಊಹಿಸಬೇಕಾಯಿತು.

ಅಂಕೋಲೆಯ ಮೊಬೈಲ್ ಅಂಗಡಿಯವನು ನೋಡಿ, ಫಾರ್ಮ್ಯಾಟ್ ಮಾಡಿದರೆ ಕಾರ್ಡ್ ಹೊಸದರ ಹಾಗೆ ಆಗುತ್ತದೆ ಎಂದ. ಒಳಗಿರುವುದು ಉಳಿಯುತ್ತದೆಯೇ ಎಂದು ಅವಳು ಕೇಳಿದಳು. ಅದು ಹೋದ ಹಾಗೆಯೇ ಎನ್ನುತ್ತಾ ಅವನು ಫಾರ್ಮ್ಯಾಟ್ ಒತ್ತಲು ಬೆರಳು ಮುಂದೆ ಮಾಡಿದ. ಜಯಶ್ರೀ ಟ್ಯಾಬನ್ನು ಅವನ ಕೈಯಿಂದ ಕಸಿದುಕೊಂಡಂತೆಯೇ ತೆಗೆದುಕೊಂಡು ರಸ್ತೆಗಿಳಿದಳು.

ಹೊಸದಾಗಿ ಮಾಡಿದರಾಯಿತು, ನಿನ್ನ ದನಿ ಎಲ್ಲಿಗೂ ಹೋಗಿಲ್ಲವಲ್ಲ ಎಂದು ಪ್ರಕಾಶ ಸಮಾಧಾನ ಹೇಳಿದ. ಅವಳು ರಾತ್ರಿಯಿಡೀ ನೆನಪು ಮಾಡಿಕೊಂಡು ನೋಡಿದಳು. ಮೊದಲ ಪುಟದ ಅರ್ಧವೂ ನೆನಪಾಗಲಿಲ್ಲ. ಬಿಟ್ಟುಹೋದ ಮಾತು ಯಾವುದೆಂದು ಹೇಳಲು ಮಗಳಿಗೆ ಬಾಯಿಯಿಲ್ಲ.

ಕಾರವಾರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಿತೇಶ ಎಂಬವನಿದ್ದಾನೆ, ಕಿನ್ನರ ಊರಿನವನು, ಅವಸರ ಮಾಡುವುದಿಲ್ಲ ಎಂದು ತವರಿನವರು ಹೇಳಿದ್ದರು. ಮಗಳನ್ನು ಅತ್ತೆಯ ಬಳಿ ಬಿಟ್ಟು ಜಯಶ್ರೀ ಬಸ್ಸು ಹತ್ತಿದಳು. ಕಾರ್ಡನ್ನು ಅರಿಶಿನ ಕುಂಕುಮದ ಡಬ್ಬಿಯಲ್ಲಿ ಹತ್ತಿ ಸುತ್ತಿ ಇಟ್ಟುಕೊಂಡಿದ್ದಳು. ದಾರಿಯ ಅವರ್ಸಾ ಊರು ದಾಟುವುದರೊಳಗೆ ಡಬ್ಬಿಯನ್ನು ಎಷ್ಟು ಸಲ ಮುಟ್ಟಿ ನೋಡಿದಳೋ.

ನಿತೇಶ ಕಾರ್ಡನ್ನು ತನ್ನ ಕಂಪ್ಯೂಟರಿಗೆ ಹಾಕಿದ. ಅದೂ ಫಾರ್ಮ್ಯಾಟ್ ಮಾಡಲೇ ಎಂದೇ ಕೇಳಿತು. ಅವನು ಬೇಡವೆಂದು ಒತ್ತಿ ಅವಳ ಕಡೆ ತಿರುಗಿದ.

“ಇದ್ರಲ್ಲಿ ಎಂತ ಅದೆ ಅಕ್ಕಾ? ಫೋಟೋನಾ?”

“ನನ್ನ ಮಗಳ ಮಾತು ಅದೆ” ಎಂದಳು ಜಯಶ್ರೀ. ಅವನಿಗೆ ಅರ್ಥವಾಗಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು. ಅವನು ಕುರ್ಚಿ ಹತ್ತಿರ ಎಳೆದುಕೊಂಡ.

ಮೊದಲು ಕಾರ್ಡಿನಲ್ಲಿ ಇರುವುದನ್ನು ಇರುವ ಹಾಗೆಯೇ, ಹಾಳಾದದ್ದೂ ಸೇರಿ, ಬೇರೆ ಡಿಸ್ಕಿಗೆ ನಕಲು ಮಾಡುತ್ತೇನೆ, ಏನು ಪ್ರಯೋಗವಿದ್ದರೂ ನಕಲಿನ ಮೇಲೆ ಎಂದ. ನಕಲಿಗೇ ಮಧ್ಯಾಹ್ನ ಕಳೆಯಿತು. ನಡುನಡುವೆ ಅದು ನಿಂತುಬಿಡುತ್ತಿತ್ತು. ಆಗೆಲ್ಲ ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಊಟ ಮಾಡಿ ಬನ್ನಿ ಎಂದರೂ ಏಳಲಿಲ್ಲ.

ಕಾಯುವಾಗ ಅವನು ವಿವರಿಸಿದ. “ಊರಲ್ಲಿ ಮನೆಗಳೆಲ್ಲಾ ಅಲ್ಲಲ್ಲೇ ಅವೆ ಅಕ್ಕಾ. ಯಾರ ಮನೆ ಎಲ್ಲಿ ಅಂತ ಬರೆದಿಟ್ಟ ಪಟ್ಟಿ ಅಳಿಸಿ ಹೋಗ್ಯದೆ. ಅದರದ್ದು ಇನ್ನೊಂದು ಪ್ರತಿ ಕಾರ್ಡಲ್ಲೇ ಇರ್ತದೆ. ಅದು ಚಲೋ ಇದ್ರೆ ನಮ್ಮ ಪುಣ್ಯ.”

ಅದೂ ಚಲೋ ಇರಲಿಲ್ಲ. ಸರಿಪಡಿಸುವ ಪ್ರೋಗ್ರಾಂ ಓಡಿಸಿದರೆ ಅದು ಅರ್ಧ ಕಡತಗಳನ್ನು ಒಂದರೊಳಗೊಂದು ಕಲಸಿ ಹಾಕಿತು. ಜಯಶ್ರೀ ಕೂತಲ್ಲಿಂದ ಎದ್ದುಬಿಟ್ಟಳು. ಇದು ನಕಲು, ಮೂಲ ಹಾಗೆಯೇ ಇದೆ ಎಂದು ನಿತೇಶ ಅದನ್ನು ಅಳಿಸಿ ಇನ್ನೊಂದು ನಕಲು ತೆಗೆದ. ಈ ಸಲ ಪಟ್ಟಿಯ ಗೊಡವೆಗೇ ಹೋಗಲಿಲ್ಲ. ಪ್ರತಿ ಧ್ವನಿ ಕಡತದ ಆರಂಭಕ್ಕೂ ಒಂದು ಗುರುತಿರುತ್ತದಂತೆ. ಕಾರ್ಡಿನ ಉದ್ದಕ್ಕೂ ಆ ಗುರುತನ್ನೇ ಹುಡುಕಿಸಿದ. ಸಂಜೆ ಬಸ್ಸಿನ ಹೊತ್ತಿಗೆ ಪರದೆಯ ಮೇಲೆ ಒಂದೊಂದಾಗಿ ಸಾಲು ಬೀಳತೊಡಗಿತು. ಅವನು ಒಂದನ್ನು ಒತ್ತಿದ.

“ಸಾಕು” ಎಂದಿತು ಜಯಶ್ರೀಯದೇ ದನಿ.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೆ ನಿತೇಶನ ಮುಖ ಪೂರ್ತಿ ಅರಳಿರಲಿಲ್ಲ. ಕಡತಗಳಿಗೆ ಹೆಸರಿಲ್ಲ, ಬರೀ ನಂಬರು. ಯಾವ ಮಾತು ಯಾವ ಪುಟದ ಯಾವ ಚೌಕದಲ್ಲಿತ್ತೆಂಬುದು ಹೋಗಿಯೇ ಹೋಗಿದೆ, ಕೆಲವು ಮಾತುಗಳೂ ಹೋಗಿವೆ ಎಂದ. ಸಿಕ್ಕದ್ದನ್ನೆಲ್ಲ ಹೊಸ ಕಾರ್ಡಿಗೂ ಅವಳ ಫೋನಿಗೂ ಹಾಕಿ, ಇನ್ನೊಂದು ಪ್ರತಿ ತನ್ನಲ್ಲೇ ಇಟ್ಟುಕೊಂಡ.

ಮರುದಿನ ಜಗಲಿಯಲ್ಲಿ ಮಗಳನ್ನು ತೊಡೆಗೆ ಒರಗಿಸಿಕೊಂಡು ಜಯಶ್ರೀ ಟ್ಯಾಬ್ ತೆರೆದಳು. ಚೌಕಗಳು ಖಾಲಿ. ಎಲ್ಲಿ ಏನು ಹಾಕಬೇಕೆಂದು ತೋಚಲಿಲ್ಲ. ತಪ್ಪಾಗಿ ಜೋಡಿಸಿದರೆ ಮಗಳು ಇನ್ನಷ್ಟು ಗೊಂದಲಕ್ಕೆ ಬೀಳುತ್ತಾಳೆಂಬ ಹೆದರಿಕೆ. ಸುಮ್ಮನೆ ತನ್ನ ಫೋನಿನಿಂದ ಒಂದು ಕಡತ ಕೇಳಿಸಿದಳು: ‘ನೀರು’. ಪ್ರೇಕ್ಷಾಳ ಕೈ ಎದ್ದಿತು, ಅಲುಗಾಡಿತು, ಮೇಲಿನ ಸಾಲಿನ ಎರಡನೇ ಖಾಲಿ ಚೌಕದ ಮೇಲೆ ಹೆಬ್ಬೆರಳು ಊರಿತು. ಜಯಶ್ರೀ ಇನ್ನೊಂದು ಕೇಳಿಸಿದಳು: ‘ಬೇಡ’. ಹೆಬ್ಬೆರಳು ಕೆಳಗಿನ ಮೂಲೆಗೆ ಹೋಯಿತು. ಮತ್ತೆ ‘ನೀರು’ ಕೇಳಿಸಿ ಪರೀಕ್ಷಿಸಿದಳು. ಮೊದಲಿನ ಜಾಗಕ್ಕೇ ಬಂತು.

“ಅತ್ತೇ, ಇಲ್ಲಿ ಬನ್ನಿ” ಎಂದು ಜಯಶ್ರೀ ಒಳಗೆ ಕೂಗಿದಳು. “ಇವಳಿಗೆ ಎಲ್ಲಾ ಗೊತ್ತದೆ.”

ಅಲ್ಲಿಂದ ದಿನಾ ಮಧ್ಯಾಹ್ನ ಅದೇ ಕೆಲಸ. ಜಯಶ್ರೀಗೇ ಗುರುತು ಸಿಗದ ಕಡತಗಳಿದ್ದವು. ಒಂದರಲ್ಲಿ ಬರೀ ಮಾದಿಯ ಕೆಮ್ಮು. ಅಳಿಸಲು ಹೊರಟರೆ ಪ್ರೇಕ್ಷಾ ಕಿರುಚಿ ಅಜ್ಜಿಯ ಕಡೆ ಕತ್ತು ತಿರುಗಿಸಿದಳು. ಅವಳ ಪಾಲಿಗೆ ಅಜ್ಜಿಯನ್ನು ಕರೆಯುವ ಮಾತೇ ಅದು. ಹುಡುಗಿ ಬೇಗ ದಣಿಯುತ್ತಿದ್ದಳು, ಒಮ್ಮೊಮ್ಮೆ ಕೈ ಬೇರೆ ಕಡೆ ಬಿದ್ದು ಸಿಟ್ಟಿಗೆ ಅಳುತ್ತಿದ್ದಳು. ಬ್ಯಾಟರಿ ಅರ್ಧಕ್ಕಿಳಿದರೆ ಜಯಶ್ರೀ ಎದ್ದು ಚಾರ್ಜಿಗೆ ಹಾಕುತ್ತಿದ್ದಳು. ಮೋಡ ಕಟ್ಟಿದರೆ ಕೆಲಸವನ್ನೇ ನಿಲ್ಲಿಸುತ್ತಿದ್ದಳು.

ಕೊನೆಗೆ ಸಿಕ್ಕ ಮಾತುಗಳೆಲ್ಲ ಕೂತವು. ಹೋದವುಗಳನ್ನು ಜಯಶ್ರೀ ಊಹಿಸಿ ಹೊಸದಾಗಿ ಆಡಿ ತುಂಬಿದಳು. ಒಂದು ಚೌಕ ಮಾತ್ರ ಖಾಲಿ ಉಳಿಯಿತು. ಪ್ರೇಕ್ಷಾ ಅದನ್ನೇ ಒತ್ತುವಳು. ಜಯಶ್ರೀ ಹಣ್ಣು, ಹಕ್ಕಿ, ಬಟ್ಟೆ ಎಂದೆಲ್ಲ ಹೇಳಿ ನೋಡಿದಳು. ಒಂದೂ ಅಲ್ಲ. ಒಂದು ದಿನ ಹುಡುಗಿ ಅಜ್ಜಿಯ ಕೆಮ್ಮನ್ನು ಒತ್ತಿದಳು, ಆಮೇಲೆ ‘ಬೆಕ್ಕು’, ಆಮೇಲೆ ‘ಸಿಟ್ಟು’, ಆಮೇಲೆ ಆ ಖಾಲಿ ಚೌಕ. ಜಯಶ್ರೀ ಅರ್ಥವಾಗದೆ ಅತ್ತೆಯ ಮುಖ ನೋಡಿದಳು.

ಮಾದಿ ನಾಚಿದಳು. ಮೀನಿಗೆ ಬಾಯಿ ಹಾಕಿದ ಬೆಕ್ಕಿಗೆ ತಾನು ಬೈಯುವುದನ್ನು ಮೊಮ್ಮಗಳು ಹಟ ಮಾಡಿ ಹಾಕಿಸಿಕೊಂಡಿದ್ದಳು, ಸೊಸೆಗೆ ಹೇಳಿರಲಿಲ್ಲ ಎಂದಳು. ಬೆಕ್ಕು ಎದುರಿಗಿಲ್ಲದೆ ಬೈಗುಳ ಬಾಯಿಗೆ ಬರಲಿಲ್ಲ. ಮೊದಲು ಮೆತ್ತಗೆ ಹೇಳಿದಳು, ಪ್ರೇಕ್ಷಾ ‘ಬೇಡ’ ಒತ್ತಿದಳು. ಆಮೇಲೆ ಮುದುಕಿ ಜೋರಾಗಿಯೇ ಹೇಳಿದಳು: “ಹಾಳಾದ್ದೇ, ನಡಿ ಆಚೆ!” ಜಯಶ್ರೀ ಅದನ್ನೇ ರೆಕಾರ್ಡ್ ಮಾಡಿ ಖಾಲಿ ಚೌಕಕ್ಕೆ ಹಾಕಿದಳು.

ಪ್ರಕಾಶ ಕೆಲಸ ಮುಗಿಸಿ ಸಿಮೆಂಟು ಮೆತ್ತಿದ ಕಾಲಲ್ಲೇ ಜಗಲಿ ಹತ್ತಿದ. ಪ್ರೇಕ್ಷಾ ಅಪ್ಪನನ್ನೂ ಅವನ ಕಾಲನ್ನೂ ನೋಡಿ ಆ ಚೌಕ ಒತ್ತಿದಳು.