ಪಥ್ಯಕ್ಕೆ ಸೇರದೆ ಉಳಿದ ಅಮ್ಮ

ಮೊನ್ನೆ ಸಂಜೆ ಕೆಳಗಿನ ಮನೆಯಿಂದ ಒಗ್ಗರಣೆಯ ವಾಸನೆ ಬರಲಿಲ್ಲ. ಆ ಮನೆಯಾಕೆಗೆ ಸಾಸಿವೆ ಸಿಡಿಯದೆ ಹೊತ್ತೇ ಮುಳುಗುವುದಿಲ್ಲ. ಆ ಘಾಟಿಗೆ ದಿನವೂ ಗೊಣಗಿಕೊಂಡು ಕಿಟಕಿ ಹಾಕುವವಳು ನಾನು. ಅವತ್ತು ಏನೂ ಇಲ್ಲ. ಬಗ್ಗಿ ನೋಡಿದೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಅದರ ಹಸಿ ಕಹಿ ವಾಸನೆ ಮೆಟ್ಟಿಲು ಹತ್ತಿ ಬಂತು… ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಟಿ.ವಿ. ಹಾಕಿದೆ, ಆರಿಸಿದೆ. ಮಡಿಚಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಚಿದೆ. ಹೊಳಲ್ಕೆರೆಯ ಹೊಲಿಗೆ ಮೇಡಂ ನೆನಪಾದರೆ ನನಗೆ ಹೀಗೇ ಆಗುತ್ತದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ, ಅವರು ಹೊಲಿಗೆ. ನಮ್ಮ ಮನೆಗಳೂ ಒಂದೇ ಗೋಡೆಯ ಆಚೆ ಈಚೆ. ಅವರ ಗಂಡ ಚಿಕ್ಕಜಾಜೂರಿನಲ್ಲಿ ರೈಲ್ವೆ ನೌಕರ. ಡ್ಯೂಟಿ ಮೇಲೆ ಹೋದರೆ ಬರುವುದು ಯಾವಾಗಲೋ. ಮನೆಯಲ್ಲಿರುತ್ತಿದ್ದವರು ಮೇಡಂ ಮತ್ತು ಅವರ ಅತ್ತೆ. ಅತ್ತೆಯನ್ನು ಬೀದಿಯವರೆಲ್ಲ ಅಜ್ಜಿ ಎನ್ನುತ್ತಿದ್ದೆವು. ಅಜ್ಜಿ ಚಾಪೆ ಕೆಳಗೆ ತೂರಿದರೆ ಮೇಡಂ ರಂಗೋಲಿ ಕೆಳಗೆ ತೂರುವವರು. ಇಬ್ಬರ ಜಗಳ ಕೇಳುವುದಕ್ಕೆಂದೇ ನಾನು ಕಾಫಿ ಲೋಟ ಹಿಡಿದು ಅವರ ಜಗಲಿಗೆ ಹೋಗುತ್ತಿದ್ದೆ.

ಮೊದಲು ಮೇಡಂಗೆ ಸೂಜಿಯ ಕಣ್ಣು ಎರಡೆರಡಾಗಿ ಕಾಣತೊಡಗಿತು. ಆಮೇಲೆ ಹೊಲಿಗೆ ಯಂತ್ರ ತುಳಿಯುವ ಬಲಗಾಲು ಜೋಮು ಹಿಡಿಯಿತು. ವಾಯು ಎಂದರು, ಯಾರದೋ ದೃಷ್ಟಿ ಎಂದರು. ಕೊನೆಗೆ ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೇಳಿದರು. ಅಲ್ಲಿಂದ ಬಂದವರೇ ಮೇಡಂ ನನಗೆ ಅರ್ಥ ಮಾಡಿಸಿದ್ದು ಹೀಗೆ: "ನರದ ಒಳಗೆ ಬಟ್ಟೆ ಸರಿಯಾಗೇ ಐತಂತೆ ಕಣ್ರಿ. ಮೇಲಿನ ಲೈನಿಂಗ್ ಕಿತ್ತೋಗ್ತಾ ಐತೆ. ಕೀಳ್ತಿರೋದು ಬ್ಯಾರೆ ಯಾರೂ ಅಲ್ಲ, ನನ್ ಮೈಯೇ!"

ಮೈಯ ಆ ಕೈವಾಡ ತಡೆಯಲು ಎರಡು ಬಗೆಯ ಮಾತ್ರೆ ಕೊಟ್ಟಿದ್ದರು. ಒಂದು ಸ್ಟೆರಾಯ್ಡ್, ಇನ್ನೊಂದು, ದೇಹ ರೋಗದೊಡನೆ ಕಾದಾಡುವ ಶಕ್ತಿಯನ್ನೇ ತಗ್ಗಿಸುವಂಥದ್ದು. ಹಾಗಾಗಿ ಎಚ್ಚರಿಕೆಗಳ ದೊಡ್ಡ ಸರಮಾಲೆಯೇ ಇತ್ತು. ಆದರೆ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ.

"ಪಥ್ಯ ಏನಂತೆ?"

"ಪಥ್ಯ ಏನಿಲ್ವಂತೆ ಅತ್ತೆ."

"ಪಥ್ಯ ಇಲ್ದಿದ್ದು ಎಂಥಾ ಔಷಧಿನೇ? ಪೆಪ್ಪರಮೆಂಟು!"

ಅಜ್ಜಿಯ ಲೆಕ್ಕದಲ್ಲಿ ಬದನೆಕಾಯಿಯನ್ನಾದರೂ ಬಿಡಿಸದ ಔಷಧಿ ಔಷಧಿಯೇ ಅಲ್ಲ. ಅವರ ಅಸಡ್ಡೆ ಕಂಡು ಮೇಡಂ ತಂತ್ರ ಬದಲಿಸಿದರು. ಮರುದಿನ ಜಗಲಿಯಲ್ಲಿ ಗಂಭೀರವಾಗಿ ಕೂತು, ಮರೆತಿದ್ದೆ ಎಂಬಂತೆ ಹಣೆ ಚಚ್ಚಿಕೊಂಡು, ವೈದ್ಯರ ಎಚ್ಚರಿಕೆಗಳನ್ನೆಲ್ಲ ಪಥ್ಯ ಮಾಡಿ ಒಪ್ಪಿಸಿದರು. ಮಾತ್ರೆಯನ್ನು ತಟ್ಟನೆ ಬಿಡಬಾರದು, ಅದು ಪಥ್ಯ. ತಿಂಗಳಿಗೊಮ್ಮೆ ಚಿತ್ರದುರ್ಗಕ್ಕೆ ಹೋಗಿ ರಕ್ತ ಕೊಟ್ಟು ಬರಬೇಕು, ಪಥ್ಯ. ಜ್ವರ, ಕೆಮ್ಮು, ಕಾಯಿಲೆ ಇರುವವರ ಹತ್ತಿರ ಹೋಗಬಾರದು, ಪಥ್ಯ. ಕೇಳದೆ ಯಾರ ನಾಟಿ ಔಷಧಿಯನ್ನೂ ಕುಡಿಯಬಾರದು, ಅದಂತೂ ಕಡು ಪಥ್ಯ.

ಅಜ್ಜಿ ಬದಲಾಗಿಯೇ ಹೋದರು! ಬಾಗಿಲಲ್ಲಿ ಕೂತು ಬಂದವರನ್ನೆಲ್ಲ ವಿಚಾರಿಸುವರು. ನನಗೆ ಒಮ್ಮೆ ನೆಗಡಿಯಾಗಿದ್ದಾಗ ಅಂಗಳದಲ್ಲೇ ತಡೆದರು. "ಅಲ್ಲೇ ಕುಂತ್ಕಳ್ರಿ ಮೇಡಮ್ಮಾರೆ, ನಮ್ ಸೊಸೆ ಪಥ್ಯದಾಗೈತೆ." ಒಳಗಿನಿಂದ ಮೇಡಂ ನಗುವುದು ಕೇಳಿಸುತ್ತಿತ್ತು. ಆ ನಗು ನನಗೆ ಬಹಳ ಇಷ್ಟವಾಗಿತ್ತು. ಕಾಲು ಸ್ವಲ್ಪ ಚೇತರಿಸಿಕೊಂಡಿತು, ಮತ್ತೆ ಯಂತ್ರ ತುಳಿಯತೊಡಗಿದರು. ಎರಡು ವರ್ಷ ಅಂಥ ಪಥ್ಯವನ್ನು ಆ ಮನೆ ನೇಮದಂತೆ ನಡೆಸಿತು.

ಅದಾದ ಬೇಸಿಗೆಯಲ್ಲಿ ಹೊಸದುರ್ಗದಲ್ಲಿದ್ದ ಮೇಡಂ ನಾದಿನಿಯ ಮಗುವಿಗೆ ಅಮ್ಮ ಬಂದಳು. ನಮ್ಮ ಕಡೆ ಮೈಮೇಲೆ ನೀರುಗುಳ್ಳೆ ಎದ್ದರೆ ಹಾಗೇ ಹೇಳುವುದು. ಆಸ್ಪತ್ರೆಯ ಭಾಷೆಯಲ್ಲಿ ಅದು ಚಿಕನ್‌ಪಾಕ್ಸ್. ಅಮ್ಮ ಬಂದ ಮನೆಗೆ ಬೇವು ಕಟ್ಟುತ್ತಾರೆ, ಒಗ್ಗರಣೆ ಹಾಕುವುದಿಲ್ಲ, ತಲೆ ಬಾಚುವುದಿಲ್ಲ. ಅದನ್ನು ಕಾಯಿಲೆ ಎಂದು ಬಾಯಿತಪ್ಪಿ ಅಂದರೂ ಕೆನ್ನೆ ಬಡಿದುಕೊಳ್ಳಬೇಕು. ಬಂದವಳು ದೇವಿ. ಅವಳನ್ನು ನೋಡಲು ತವರಿನ ಕಡೆಯವರು ಮೊಸರನ್ನ, ಎಳನೀರು ತೆಗೆದುಕೊಂಡು ಹೋಗುವುದು ಪದ್ಧತಿ. ಅಜ್ಜಿಗೆ ಮಂಡಿನೋವು. ಸೊಸೆ ಹೋದರು. ಮಗುವಿನ ಪಕ್ಕದಲ್ಲಿ ಕೂತು ಸಂಜೆಯವರೆಗೂ ಬೇವಿನ ಎಸಳಿನಿಂದ ಗಾಳಿ ಬೀಸಿ ಬಂದರು.

ನೆಗಡಿಯವಳನ್ನು ಅಂಗಳದಲ್ಲಿ ಕೂರಿಸಿದ ಮನೆ ಅದು! ಪಥ್ಯವನ್ನು ತಾನೇ ಕಟ್ಟಿದ ಜಾಣೆ ಆಕೆ! ಯಾರ ತಲೆಗೂ ಹೊಳೆಯಲಿಲ್ಲ. ಕಾಯಿಲೆಯವರ ಹತ್ತಿರ ಹೋಗಬಾರದು ಎಂದಿತ್ತು. ಅವರು ಕಾಯಿಲೆಯ ಹತ್ತಿರ ಹೋಗಿರಲಿಲ್ಲವಲ್ಲ… ಅದಾದ ಮೇಲೆ ಚಿತ್ರದುರ್ಗಕ್ಕೆ ರಕ್ತ ಕೊಡಲು ಹೋದಾಗ ವೈದ್ಯರು ಎಂದಿನಂತೆ ಕೇಳಿದರು, ಸುತ್ತಮುತ್ತ ಯಾರಿಗಾದರೂ ಕಾಯಿಲೆ ಇತ್ತೇ ಎಂದು. ಇಲ್ಲ ಎಂದರು ಮೇಡಂ. ಸುಳ್ಳು ಹೇಳುವ ಹೆಂಗಸಲ್ಲ. ಅವರ ಮಟ್ಟಿಗೆ ಅದು ನಿಜವೇ ಆಗಿತ್ತು.

ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಅವರ ಬಾಗಿಲಿಗೆ ಬೇವು ಕಟ್ಟಿತ್ತು. ಹೊರಗಿನವರು ಒಳಗೆ ಹೋಗುವಂತಿರಲಿಲ್ಲ. ನಾನು ಹಿತ್ತಿಲಿಗೆ ಹೋಗಿ ಕಿಟಕಿಯಿಂದ ಕರೆದೆ. ಮೇಡಂ ಮುಖದಲ್ಲಿ ಜಾಗವೇ ಉಳಿದಿರಲಿಲ್ಲ, ಅಷ್ಟು ಗುಳ್ಳೆ. ಮಾತಿಗೊಮ್ಮೆ ಏದುಸಿರು. "ಮಾತ್ರೆ ಎತ್ತಿಟ್ಬಿಟ್ಟವ್ರೆ ಕಣ್ರಿ… ತಟ್ಟನೆ ಬಿಡಂಗಿಲ್ಲ ಅಂದಿದ್ರಲ್ಲ…" ಅಮ್ಮ ಬಂದಿರುವಾಗ ಔಷಧಿ ಕೊಟ್ಟರೆ ಅವಳು ಮುನಿಯುತ್ತಾಳೆಂದು ಅಜ್ಜಿ ಹಿಂದಿನ ದಿನದಿಂದಲೇ ಎಲ್ಲ ನಿಲ್ಲಿಸಿದ್ದರು. ಓಡಿ ಮುಂಬಾಗಿಲಿಗೆ ಬಂದು ಕೂಗಾಡಿದೆ. ಅಜ್ಜಿ ಹೊಸ್ತಿಲು ಬಿಟ್ಟು ಕದಲಲಿಲ್ಲ.

"ಓದ್ದೋರು ನೀವು, ಅಮ್ಮನ ಮುಂದೆ ಹಿಂಗೆ ಬಾಯಿ ಮಾಡಬ್ಯಾಡ್ರಿ. ನನ್ ಸೊಸೇನ ಉಳಿಸ್ಕಳಾಕೆ ನಾನು ಕೈ ಮುಗಿತಾ ಕುಂತೀನಿ."

ಆ ಮಾತಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ, ಅದೇ ನನ್ನನ್ನು ಇನ್ನಷ್ಟು ಕಂಗೆಡಿಸಿತು. ಆಗ ತಟ್ಟನೆ ಮೇಡಂ ಕಲಿಸಿದ ಭಾಷೆಯೇ ಬಾಯಿಗೆ ಬಂತು. "ಅಜ್ಜಿ, ಅದು ಔಷಧಿ ಅಲ್ಲ, ಪಥ್ಯ! ಎರಡು ವರ್ಷ ನಡೆಸಿದ ಪಥ್ಯ ನೀವೇ ಮುರೀತೀರಾ? ಯಾವ ಮಾತ್ರೆ ಬಿಡಬೇಕು, ಯಾವುದು ಬಿಡಬಾರದು ಅಂತ ಡಾಕ್ಟರೇ ಹೇಳಬೇಕಲ್ಲ?"

ಅಜ್ಜಿ ನನ್ನನ್ನು ನೋಡಿದರು. ಒಳಗೆ ನೋಡಿದರು. ಆಮೇಲೆ ಬಾಗಿಲಿನ ಬೇವಿನಿಂದ ಒಂದು ಎಸಳು ಮುರಿದು ಸೆರಗಿಗೆ ಸಿಕ್ಕಿಸಿಕೊಂಡು, "ಗಾಡಿ ತರ್ಸವ್ವ" ಎಂದರು.

ಚಿತ್ರದುರ್ಗದ ದಾರಿ ಅಷ್ಟು ಉದ್ದವೆಂದು ನನಗೆ ಗೊತ್ತಿರಲಿಲ್ಲ. ವ್ಯಾನಿನಲ್ಲಿ ಮೇಡಂ ತಲೆ ಅಜ್ಜಿಯ ತೊಡೆಯ ಮೇಲೆ. ಮೇಡಂ ಗಂಡನಿಗೆ ಸ್ಟೇಷನ್ನಿಗೆ ಫೋನು ಮಾಡಿಸಿದ್ದೆ, ನೇರ ಆಸ್ಪತ್ರೆಗೇ ಬಂದರು. ಅಷ್ಟರಲ್ಲಿ ಗುಳ್ಳೆ ಶ್ವಾಸಕೋಶಕ್ಕೂ ಇಳಿದಿತ್ತು. ಮೊದಲ ಗುಳ್ಳೆ ಎದ್ದಾಗಲೇ ಬಂದಿದ್ದರೆ ಇಂಜೆಕ್ಷನ್ನಿಗೆ ಬಗ್ಗುತ್ತಿತ್ತು ಎಂದರು ವೈದ್ಯರು. ಸಂಕಟಕ್ಕೋ ಸಿಟ್ಟಿಗೋ ಅವರ ದನಿ ಏರಿತು. "ಸುತ್ತಮುತ್ತ ಯಾರಿಗಾದರೂ ಕಾಯಿಲೆ ಇತ್ತಾ ಅಂತ ಕೇಳಿರಲಿಲ್ವಾ ನಾನು?"

"ಕಾಯಿಲೆ ಇರ್ಲಿಲ್ಲ ಸಾರ್," ಎಂದರು ಮೇಡಂ, ಅಷ್ಟು ಉಬ್ಬಸದಲ್ಲೂ. "ಅಮ್ಮ ಬಂದಿದ್ಲು." ಹಾಗೆಂದ ಮೇಲೆ ಅವರಿಗೇ ಅರ್ಥವಾಯಿತೇನೋ. ನನ್ನ ಕಡೆ ತಿರುಗಿ ನಗಲು ನೋಡಿದರು. "ಇದೊಂದು ಪಥ್ಯಕ್ಕೆ ಸೇರಿಸ್ಬೇಕಿತ್ತು ಕಣ್ರಿ…"

ಅವರು ಮನೆಗೆ ಬರಲಿಲ್ಲ.

ಅಜ್ಜಿ ಆಮೇಲೆ ಬಹಳ ವರ್ಷ ಇದ್ದರು. ಅಮ್ಮನನ್ನು ಬಿಡಲಿಲ್ಲ, ಮಂಗಳವಾರದ ಪೂಜೆಯನ್ನೂ ಬಿಡಲಿಲ್ಲ. ಆದರೆ ಊರಿನಲ್ಲಿ ಯಾರ ಬಾಗಿಲಿಗೆ ಬೇವು ಕಟ್ಟಿದ್ದು ಕಂಡರೂ ಕೋಲೂರಿಕೊಂಡು ಹೋಗಿ ನಿಲ್ಲುವರು. "ಒಳಗೆ ದಿನಾ ಮಾತ್ರೆ ನುಂಗೋರು ಯಾರಾರ ಅದಾರೇನ್ರವ್ವ? ಇದ್ರೆ ಅಮ್ಮನ ಹತ್ರ ಬಿಡಬ್ಯಾಡ್ರಿ. ಮೊದ್ಲು ಡಾಕ್ಟ್ರಿಗೆ ಹೇಳ್ರಿ, ಅಮ್ಮ ಬಂದವ್ಳೆ ಅಂತ ಹೇಳ್ರಿ." ಮುದುಕಿಗೆ ಅರಳುಮರಳು ಎಂದು ಕೆಲವರು ನಕ್ಕರು. ನಾನು ವರ್ಗವಾಗಿ ಹೊಳಲ್ಕೆರೆ ಬಿಟ್ಟ ಮೇಲೆ, ಎರಡು ಸಾವಿರದ ದಶಕ ಮುಗಿಯುವ ಮೊದಲೇ ಅಜ್ಜಿಯೂ ಹೋದರಂತೆ.

ಮೊನ್ನೆ ಬಟ್ಟೆ ಮಡಿಚುವುದನ್ನು ಬಿಟ್ಟು ಕೆಳಗಿಳಿದು ಹೋದೆ. ಬೇವಿನ ಬಾಗಿಲು ತಟ್ಟಿದೆ. ಸಾಸಿವೆಯ ಗೃಹಿಣಿ ಕೆದರಿದ ತಲೆಯಲ್ಲಿ ಇಣುಕಿ ನೋಡಿದಳು. ಒಗ್ಗರಣೆಗೆ ಗೊಣಗುವ ಮುದುಕಿ ಒಗ್ಗರಣೆ ಇಲ್ಲದ ದಿನವೂ ಬಂದಳಲ್ಲ ಎಂದುಕೊಂಡಿರಬೇಕು.

"ಒಳಗೆ ದಿನಾ ಮಾತ್ರೆ ನುಂಗೋರು ಯಾರಾದರೂ ಇದ್ದಾರೇನವ್ವ?"

ಅವಳು ನಗಲಿಲ್ಲ. ಸ್ವಲ್ಪ ಯೋಚಿಸಿ, ತನ್ನ ತಾಯಿ ಕೀಲುನೋವಿಗೆ ಅಂಥದ್ದೇನೋ ತೆಗೆದುಕೊಳ್ಳುತ್ತಾರೆ, ನಾಳೆ ಮೊಮ್ಮಗುವನ್ನು ನೋಡಲು ಮೊಸರನ್ನ ತರುತ್ತಿದ್ದಾರೆ ಎಂದಳು. ಬರಬೇಡಿ ಎಂದು ಈಗಲೇ ಫೋನು ಮಾಡು ಎಂದೆ. ಅವಳು ಫೋನು ಮಾಡಿ ಮುಗಿಸುವವರೆಗೂ ಅಲ್ಲೇ ನಿಂತಿದ್ದೆ. ಮೇಲೆ ಬಂದ ಮೇಲೆ ತುಂಬ ಹೊತ್ತು ಅತ್ತೆ. ಆ ಒಂದು ಪ್ರಶ್ನೆಯನ್ನು ಹೊಸದುರ್ಗದ ಬಾಗಿಲಲ್ಲಿ ಅವತ್ತು ಕೇಳುವವರು ಯಾರೂ ಇರಲಿಲ್ಲ.